ಪ್ರೊಕೋಪಿಯ ಬೈಗುಳ, ಅಗ್ರಫೇನಳ ಲಾರಿ

ಸರ್ಕಾರಿ ಫಾರಂ ಮುಚ್ಚಿದ ವರ್ಷ ಉತ್ತರದ ಚಳಿ ನಾಡಿನ ನಮ್ಮ ತುರುಯಾಲಾಖ್ ಊರಿನಲ್ಲಿ ಮನೆಗೊಂದು ಪಾಲು ಬಂತು. ಕೆಲವರು ಹಸು ಹೊಡೆದುಕೊಂಡು ಹೋದರು, ಕೆಲವರು ಕುದುರೆ ಆರಿಸಿಕೊಂಡರು, ಏನೂ ತೋಚದವರು ಕೊಟ್ಟಿಗೆಯ ಹಲಗೆ ಕಿತ್ತುಕೊಂಡರು. ಫಾರಂನಲ್ಲಿ ಡ್ರೈವರಾಗಿದ್ದ ಪ್ರೊಕೋಪಿ ಮಾತ್ರ ತಾನು ಓಡಿಸುತ್ತಿದ್ದ ಡೀಸೆಲ್ ಲಾರಿಯನ್ನೇ ಕೇಳಿ ಮನೆಗೆ ತಂದ. ಆಗಲೇ ಅದರ ಬಾಗಿಲು ತುಕ್ಕು ಹಿಡಿದು ಜಾಳಾಗಿತ್ತು.

ಅವನ ಹೆಂಡತಿ ಅಗ್ರಫೇನ ಅದೇ ಫಾರಂನಲ್ಲಿ ಹಾಲು ಕರೆಯುತ್ತಿದ್ದವಳು. ಅವಳ ಕಣ್ಣು ಒಂದು ಕೆಂಚು ಹಸುವಿನ ಮೇಲಿತ್ತು. ಕರುವಾಗಿದ್ದಾಗಿನಿಂದ ಅವಳೇ ಸಾಕಿದ್ದು. ಲಾರಿ ಅಂಗಳಕ್ಕೆ ಬಂದು ನಿಂತಾಗ ಅವಳು ಹೊಸ್ತಿಲು ದಾಟಲಿಲ್ಲವಂತೆ.

"ಅದು ಹಾಲು ಕೊಡತ್ತಾ ಮುದುಕಾ?"

"ಹಸು ಗಡ್ಡೆ ಹೊರತ್ತಾ ಮುದುಕಿ?"

ಆಗ ಇಬ್ಬರಿಗೂ ನಲವತ್ತು ತುಂಬಿರಲಿಲ್ಲ. ನಮ್ಮಲ್ಲಿ ಗಂಡ ಹೆಂಡತಿ ಪ್ರೀತಿಗೂ ಸಿಟ್ಟಿಗೂ ಒಂದೇ ರೀತಿ ಕರೆದುಕೊಳ್ಳುತ್ತಾರೆ.

ಪ್ರೊಕೋಪಿ ಹೇಳಿದ ಗಡ್ಡೆ ಎಂದರೆ ಕುಡಿಯುವ ನೀರು. ಚಳಿಗಾಲದ ಮೊದಲಿಗೆ ಗಟ್ಟಿಯಾದ ಕೆರೆಯ ಮಂಜುಗಡ್ಡೆಯನ್ನು ಗರಗಸದಿಂದ ಕೊಯ್ದು, ದೊಡ್ಡ ದೊಡ್ಡ ಗಡ್ಡೆಗಳನ್ನು ದಡದಲ್ಲಿ ನಿಲ್ಲಿಸಿ, ಆಮೇಲೆ ಮನೆಮನೆಗೆ ಸಾಗಿಸಬೇಕು. ಮೇ ತಿಂಗಳವರೆಗೆ ಅದನ್ನೇ ಒಡೆದು ಕರಗಿಸಿ ಕುಡಿಯುವುದು. ಪ್ರೊಕೋಪಿಯ ಲಾರಿ ಊರಿನ ಅರ್ಧ ಮನೆಗಳಿಗೆ ಗಡ್ಡೆ ಹೊತ್ತಿತು. ದೂರದ ಹುಲ್ಲುಗಾವಲಿಂದ ಹುಲ್ಲು ತಂದಿತು, ಮದುವೆಗೆ ಹೆಣ್ಣನ್ನೂ ಮಣ್ಣಿಗೆ ಹೆಣವನ್ನೂ ಸಾಗಿಸಿತು. ಚಳಿ ಐವತ್ತು ಮುಟ್ಟಿದರೂ ನಿಲ್ಲಲಿಲ್ಲ. ಸೊನ್ನೆಯ ಕೆಳಗಿನ ಐವತ್ತು. ಸೊನ್ನೆಯ ಮೇಲಿನ ಲೆಕ್ಕ ನಮಗೆ ಬೇಸಿಗೆಯಲ್ಲಿ ಮಾತ್ರ ಬೇಕಾಗುತ್ತದೆ.

ಆ ಚಳಿಯಲ್ಲಿ ಲಾರಿ ಎಂದರೆ ಹಸುಗೂಸಿದ್ದ ಹಾಗೆ. ಒಮ್ಮೆ ಎಂಜಿನ್ ಹತ್ತಿತೆಂದರೆ ವಸಂತದವರೆಗೆ ಆರಿಸುವ ಹಾಗಿಲ್ಲ. ಆದರೂ ಎಣ್ಣೆ ಬದಲಿಸುವಾಗ, ಏನಾದರೂ ಮುರಿದಾಗ ಆರಿಸಲೇಬೇಕಾಗುತ್ತಿತ್ತು. ಮತ್ತೆ ಹಚ್ಚುವ ದಿನ ಪ್ರೊಕೋಪಿಯ ಅಂಗಳದಿಂದ ಬೈಗುಳದ ಮಳೆ ಸುರಿಯುತ್ತಿತ್ತು. ಮಕ್ಕಳನ್ನು ಆ ದಾರಿಯಲ್ಲಿ ಶಾಲೆಗೆ ಕಳಿಸಲು ತಾಯಂದಿರು ಹಿಂಜರಿಯುತ್ತಿದ್ದರು. ಅಗ್ರಫೇನ ಕಿಟಕಿಯ ಪರದೆ ಎಳೆದು, ರೇಡಿಯೋ ಜೋರು ಮಾಡಿ ಕೂರುತ್ತಿದ್ದಳು.

"ಲೋಕದಲ್ಲಿ ಎಲ್ಲಾರ ಗಂಡಂದಿರೂ ಕುಡಿದು ಬೈತಾರೆ ಕ್ಯುನ್ನೆ. ನನ್ನ ಗಂಡ ಕುಡಿಯೋದಿಲ್ಲ. ಅದಕ್ಕೆ ಲಾರಿ ತಂದಿಟ್ಕೊಂಡಿದ್ದಾನೆ," ಎಂದು ಒಮ್ಮೆ ನನ್ನೊಂದಿಗೆ ಹೇಳಿದ್ದಳು.

ಕ್ಯುನ್ನೆ ಎಂದರೆ ನಾನು, ಊರಿನ ಆರೋಗ್ಯ ಕೇಂದ್ರದ ನರ್ಸ್. ಮೇಲಾಗಿ ಅವರ ಪಕ್ಕದ ಮನೆಯವಳು. ಅವಳನ್ನು ಅಕ್ಕ ಎಂದೂ ಅವನನ್ನು ಭಾವ ಎಂದೂ ಕರೆಯುತ್ತಾ ಬೆಳೆದವಳು.

ಒಂದು ಸೆಪ್ಟೆಂಬರಿನ ಕೊನೆಯಲ್ಲಿ, ಹುಲ್ಲಿನ ಕೊನೆಯ ಹೊರೆ ಇಳಿಸಿ ಬಂದ ಪ್ರೊಕೋಪಿ ಭಾವ ಚಹಾದ ಬಟ್ಟಲು ಎತ್ತಿಕೊಳ್ಳಲು ಹೋಗಿ ಕೆಡವಿದ. ಮತ್ತೆ ಎತ್ತಲು ಹೋಗಿ ತಾನೇ ಬಿದ್ದ. ಬಲಗೈ ಬಲಗಾಲು ಸತ್ತಿದ್ದವು, ಬಾಯಿ ಸೊಟ್ಟಗಾಗಿತ್ತು. ಜಿಲ್ಲಾಸ್ಪತ್ರೆಯಲ್ಲಿ ಕೆಲವು ವಾರ ಇದ್ದು ಮನೆಗೆ ಬಂದಾಗ ಜೀವ ಉಳಿದಿತ್ತು, ಮಾತು ಉಳಿದಿರಲಿಲ್ಲ. ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು. ಉತ್ತರಕ್ಕೆ ಬಾಯಿ ತೆರೆದರೆ ಒಂದು ಗಾಳಿಯ ಸದ್ದು. ಆಗ ಅವನು ಮುಖ ಗೋಡೆಗೆ ತಿರುಗಿಸಿಕೊಳ್ಳುತ್ತಿದ್ದ.

ಅಗ್ರಫೇನಕ್ಕ ಅಳಲಿಲ್ಲ. ಚಮಚದಲ್ಲಿ ಸಾರು ಕುಡಿಸಿದಳು, ಕಾಲು ನೀವಿದಳು. ಮಾತಾಡುತ್ತಲೇ ಇದ್ದಳು: ಆಮೇಲೆ ಕೊಂಡಿದ್ದ ಹಸು ಎಷ್ಟು ಹಾಲು ಕೊಟ್ಟಿತು, ಯಾರ ಮನೆ ನಾಯಿ ಮರಿ ಹಾಕಿತು, ಅಂಗಡಿಯಲ್ಲಿ ಹಿಟ್ಟು ಹೇಗೆ ಮುಗ್ಗಲು ಹಿಡಿದಿದೆ. ಆಮೇಲೆ ಒಂದು ದಿನ ಅವಳ ಮಾತೂ ಮುಗಿದುಹೋಯಿತು. ನಾನು ರಕ್ತದೊತ್ತಡ ನೋಡಲು ಹೋದರೆ ಆ ಮನೆಯಲ್ಲಿ ಒಲೆಯ ಸೌದೆಯೊಂದೇ ಸದ್ದು ಮಾಡುತ್ತಿತ್ತು.

ನವೆಂಬರಿನಲ್ಲಿ ಟ್ರ್ಯಾಕ್ಟರ್ ಓಡಿಸುವ ತೆರೆಂತಿ ರೋಗಿಯನ್ನು ನೋಡಲು ಬಂದ. ನಾನೂ ಅಲ್ಲೇ ಇದ್ದೆ. ತೆರೆಂತಿ ಕೆಟ್ಟವನಲ್ಲ, ಬಾಯಿಗೆ ಬಾಗಿಲಿಲ್ಲದವನು. ಒಂದಿಷ್ಟು ಹೊತ್ತು ಟೋಪಿ ತಿರುಗಿಸುತ್ತಾ ಕೂತವನು ಹೇಳಿದ:

"ಗಡ್ಡೆ ಎಲ್ಲಾ ದಡದಲ್ಲೇ ನಿಂತಿದೆ ಅಕ್ಕಾ. ನನ್ನ ಟ್ರ್ಯಾಕ್ಟರು ಹುಲ್ಲಿಗೇ ಸಾಲ್ತಿಲ್ಲ, ಅದರ ರೇಡಿಯೇಟರ್ ಬೇರೆ ಸೋರ್ತಿದೆ. ನಿಮ್ಮ ಲಾರಿ ಹೆಂಗೂ ಸುಮ್ನೆ ನಿಂತಿದೆಯಲ್ಲ. ಅದರ ರೇಡಿಯೇಟರ್ ಬಿಚ್ಕೊಂಡು ನನ್ನದಕ್ಕೆ ಹೊಂದಿಸಿದರೆ..."

"ಉಚ್ಚೆಬುರುಕಾ!"

ಮೂವರೂ ಬೆಚ್ಚಿದೆವು. ಹಾಸಿಗೆಯಿಂದ ಬಂದ ದನಿ ಅದು. ತೊದಲಿಲ್ಲ, ತಡವರಿಕೆಯಿಲ್ಲ, ಹಿಂದಿನ ಪ್ರೊಕೋಪಿಯದೇ ಗಂಟಲು.

ತೆರೆಂತಿ ಕೆಂಪಾದ. "ನೋಡಕ್ಕಾ, ಕಾಯಿಲೆಯವರು ಅಂತ ಕೇಳ್ಕೊಂಡಿರ್ಬೇಕಾ ನಾನು? ಯಾವತ್ತೋ ಚಿಕ್ಕೋನಿದ್ದಾಗಿನ ಮಾತು ಅದು!"

ಅವನು ಟೋಪಿ ಹಾಕಿಕೊಂಡು ಹೊರಟೇ ಹೋದ. ಅಗ್ರಫೇನಕ್ಕ ಬಾಗಿಲ ಚೌಕಟ್ಟು ಹಿಡಿದು ನಕ್ಕಳು, ನಗುತ್ತಾ ನಗುತ್ತಾ ನೆಲದ ಮೇಲೆ ಕುಸಿದು ಕೂತು, ಆ ಎರಡು ತಿಂಗಳ ಅಳುವನ್ನೆಲ್ಲ ಆಗ ಅತ್ತಳು. ಮಾತು ಕೆಟ್ಟವರಲ್ಲಿ ಹೀಗಾಗುವುದುಂಟು ಎಂದು ನಾನು ವಿವರಿಸಿದೆ. ಯೋಚಿಸಿ ಆಡುವ ಮಾತು ಹೋಗಿರುತ್ತದೆ. ಹಾಡು, ಬೈಗುಳ, ಬಾಯಿಪಾಠ ಇಂಥವು ಮಿದುಳಿನ ಬೇರೆ ಮೂಲೆಯಲ್ಲಿ ಉಳಿದಿರುತ್ತವೆ, ತಾವಾಗಿಯೇ ಹೊರಬರುತ್ತವೆ.

"ಹಾಡು ಉಳೀಬಾರದಿತ್ತಾ?" ಎಂದಳು ಮೂಗು ಒರೆಸಿಕೊಳ್ಳುತ್ತಾ.

ಆದರೆ ಆ ಒಂದು ಮಾತಿನಿಂದ ಅವಳೊಳಗೆ ಏನೋ ತಿರುಗಿತ್ತು. ರೇಡಿಯೇಟರ್ ಬಿಚ್ಚುವ ಸುದ್ದಿಗೆ ಗಂಡನ ಗಂಟಲು ತೆರೆದದ್ದನ್ನು ಅವಳು ನೋಡಿದ್ದಳು. ಮರುದಿನ ಅಂಗಳಕ್ಕೆ ಹೋಗಿ ಲಾರಿಯ ಮೇಲಿನ ಹಿಮ ಗುಡಿಸಿದಳು. ಲಾರಿ ಓಡಿಸಲು ಅವಳಿಗೆ ಬರುತ್ತಿತ್ತು. ಮದುವೆಯಾದ ಹೊಸದರಲ್ಲಿ ಗಟ್ಟಿಯಾದ ಕೆರೆಯ ಮೇಲೆ ಅವನೇ ಕಲಿಸಿದ್ದ. ಹಚ್ಚುವುದು ಮಾತ್ರ ಬರುತ್ತಿರಲಿಲ್ಲ. ಆ ಹೊತ್ತಿಗೆಲ್ಲ ಅವಳು ಪರದೆ ಎಳೆದು ಕೂತಿರುತ್ತಿದ್ದಳಲ್ಲ.

ಶನಿವಾರ ಬೆಳಗ್ಗೆ ನನ್ನನ್ನು ಕರೆದಳು. "ನೀನು ಭಾವನ ಹತ್ತಿರ ಕೂತಿರು. ನಾನು ಒಂದು ಕೈ ನೋಡ್ತೀನಿ."

ಎರಡು ಬ್ಯಾಟರಿಗಳು ಹಿಂದಿನ ದಿನದಿಂದಲೇ ಒಲೆಯ ಪಕ್ಕ ಬೆಚ್ಚಗೆ ಕೂತಿದ್ದವು. ಅವನ್ನು ಒಂದೊಂದಾಗಿ ಹೊತ್ತು ತೆಗೆದುಕೊಂಡು ಹೋದಳು. ಪಾತ್ರೆ ಪಾತ್ರೆ ನೀರು ಕಾಯಿಸಿದಳು. ಪಂಪು ಹೊಡೆದು ಉರಿಸುವ ಸೀಮೆಎಣ್ಣೆ ಬರ್ನರನ್ನು ಎಂಜಿನ್ನಿನ ಅಡಿಗೆ ತಳ್ಳಿ, ಸುತ್ತ ತಗಡು ನಿಲ್ಲಿಸಿ, ಬಾನೆಟ್ಟಿನ ಮೇಲೆ ಹಳೆಯ ರಜಾಯಿ ಹೊದಿಸಿದಳು. ಎಲ್ಲವೂ ಕಿಟಕಿಯಿಂದ ಕಾಣುತ್ತಿತ್ತು. ನಾನು ಪ್ರೊಕೋಪಿ ಭಾವನಿಗೆ ದಿಂಬು ಕೊಟ್ಟು ಎತ್ತಿ ಕೂರಿಸಿದ್ದೆ. ಅವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ.

ಅವಳು ಮೊದಲ ಬಕೆಟ್ ಬಿಸಿನೀರು ಎತ್ತಿ ರೇಡಿಯೇಟರಿಗೆ ಸುರಿಯತೊಡಗಿದಾಗ ಅವನು ಎಡಗೈಯಿಂದ ಕಿಟಕಿ ಬಡಿದ.

"ಉಚ್ಚೆಬುರುಕಾ! ಉಚ್ಚೆಬುರುಕಾ!"

ನಾನು ನರ್ಸ್. ನನಗೆ ಅರ್ಥವಾದದ್ದು ಒಂದೇ. ಓಡಿಹೋಗಿ ಮೂತ್ರದ ಡಬ್ಬಿ ತಂದೆ. ಅವನು ಅದನ್ನು ಎಡಗೈಯಿಂದ ಬೀಸಿ ಎಸೆದ. ಡಬ್ಬಿ ಒಲೆಗೆ ಬಡಿದು ಉರುಳಿತು. ಅಷ್ಟರಲ್ಲಿ ಹೊರಗೆ ಪಟ್ ಎಂದು ಸದ್ದು. ರೇಡಿಯೇಟರಿನ ಕೆಳಗಿನ ರಬ್ಬರ್ ಪೈಪು ಒಡೆದು ನೀರು ಚೆಲ್ಲಿತು, ಚೆಲ್ಲಿದ್ದು ನೆಲ ಮುಟ್ಟಿದ್ದೇ ತಡ ಗಟ್ಟಿಯಾಯಿತು.

ಅಕ್ಕ ಒಳಗೆ ಬಂದು, ಹುಬ್ಬಿನ ಮೇಲೆಲ್ಲ ಮಂಜು ಹಿಡಿದ ಮುಖದಲ್ಲಿ, ಗಂಡನನ್ನೂ ನೆಲದ ಮೇಲಿದ್ದ ಡಬ್ಬಿಯನ್ನೂ ನೋಡಿದಳು.

"ಏನಂದ?"

ಹೇಳಿದೆ. ಅವಳು ಕಿಟಕಿಯಿಂದ ರೇಡಿಯೇಟರಿನ ಅಡಿಯಲ್ಲಿ ಗಟ್ಟಿಯಾದ ನೀರನ್ನು ನೋಡಿದಳು. ಆಮೇಲೆ ಹಾಸಿಗೆಯ ಪಕ್ಕ ಮಂಡಿಯೂರಿ ಕೂತು ಕೇಳಿದಳು:

"ಮುದುಕಾ, ಉಚ್ಚೆಬುರುಕ ಅಂದ್ರೆ ರೇಡಿಯೇಟರಿನ ಕೆಳಗಿನ ನಲ್ಲೀನಾ? ನೀರು ಬಿಡೋ ನಲ್ಲಿ? ಅದನ್ನ ಬಿಟ್ಕೊಂಡೇ ಇರ್ಬೇಕಿತ್ತಾ?"

ಪ್ರೊಕೋಪಿ ಭಾವ ಕಣ್ಣು ಮುಚ್ಚಿ ಹೌದೆಂದು ತಲೆಯಾಡಿಸಿದ. ಎಡಗಣ್ಣಿನಿಂದ ನೀರಿಳಿಯಿತು. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಅವನು ಹೇಳಿದ್ದು ಒಬ್ಬರಿಗೆ ಮುಟ್ಟಿತ್ತು.

ಅವಳ ತಪ್ಪು ಇಷ್ಟೇ. ಕೆಳಗಿನ ನಲ್ಲಿ ತೆರೆದಿಟ್ಟು ಮೊದಲ ಬಿಸಿನೀರು ಹರಿದುಹೋಗಲು ಬಿಡಬೇಕು. ಕಬ್ಬಿಣ ಬೆಚ್ಚಗಾಗಿ, ಬಿಟ್ಟ ನೀರು ಬೆಚ್ಚಗೇ ಬಂದ ಮೇಲೆ ಮುಚ್ಚಿ ತುಂಬಬೇಕು. ಮೊದಲೇ ಮುಚ್ಚಿದರೆ ತಳದಲ್ಲಿ ನೀರು ಹೆಪ್ಪುಗಟ್ಟುತ್ತದೆ. ಒಡೆದದ್ದು ಬರೀ ಪೈಪು, ಪುಣ್ಯ. ಹೊಸದೊಂದನ್ನು ತೆರೆಂತಿಯೇ ತಂದುಕೊಟ್ಟ. ಬಾಗಿಲಲ್ಲೇ ನಿಂತು ಕೊಟ್ಟು, ಒಳಗೆ ಬರಲಿಲ್ಲ.

ಮುಂದಿನ ಶನಿವಾರ ಅಕ್ಕ ಗಂಡನಿಗೆ ಎರಡು ಜೊತೆ ಉಣ್ಣೆಯ ಬಟ್ಟೆ ತೊಡಿಸಿ, ಮೊಲದ ಚರ್ಮದ ಕಂಬಳಿಯಲ್ಲಿ ಸುತ್ತಿ, ಹುಲ್ಲಿನ ಜಾರುಬಂಡಿಯಲ್ಲಿ ಕೂರಿಸಿ ಲಾರಿಯ ಮುಂದೆ ಎಳೆದು ತಂದಳು. ನಾನು ಬೇಡವೆಂದೆ. ಲಕ್ವದ ಹೊಡೆತ ತಿಂದ ಮಿದುಳು, ನಲವತ್ತರ ಚಳಿ.

"ಗೋಡೆ ನೋಡ್ಕೊಂಡು ಸಾಯೋದಕ್ಕಿಂತ ಇದು ವಾಸಿ ಕ್ಯುನ್ನೆ. ನೀನು ಕಾಲು ಬೆಚ್ಚಗಿಡು."

ಹೋಗುವ ಮುನ್ನ ಕೆಲಸ ಕೈಗೂಡಲೆಂದು ನಮ್ಮ ಪದ್ಧತಿಯಂತೆ ಒಲೆಯ ಬೆಂಕಿಗೆ ಒಂದು ತುಣುಕು ಬೆಣ್ಣೆ ಹಾಕಿ ಬಂದಿದ್ದಳು. ಲಾರಿಯ ಮುಂದೆ ನಿಂತು ಕೈಯಿಂದ ಒಂದೊಂದನ್ನೇ ಮುಟ್ಟಿ ತೋರಿಸಿದಳು, ಅವನು ಬೈದ. ಅಡಿಯ ಆಯಿಲ್ ಚೇಂಬರ್ ಮುಟ್ಟಿದಾಗ, "ಹಂದಿಹೊಟ್ಟೆ!" ಎಂದ. ಅಂದರೆ ಅಲ್ಲಿಂದ ಶುರು. ಬರ್ನರ್ ಅಲ್ಲಿ ಉರಿಯಿತು. ಎಣ್ಣೆ ಹರಿಯುವಷ್ಟು ಬೆಚ್ಚಗಾಯಿತೆಂದು ಅವಳು ಬ್ಯಾಟರಿಗೆ ಕೈಹಾಕಿದರೆ ಮತ್ತೆ "ಹಂದಿಹೊಟ್ಟೆ, ಹಂದಿಹೊಟ್ಟೆ" ಎಂದು ಗೊಣಗಿದ. ಇನ್ನೂ ಸಾಲದು. ಆಮೇಲೆ ಡೀಸೆಲ್ ಫಿಲ್ಟರಿಗೆ, "ಗೊಣ್ಣೆಮೂಗಾ!" ಚಳಿಗೆ ಡೀಸೆಲ್ ಮೇಣದ ಹಾಗೆ ಕಟ್ಟಿ ಅದರಲ್ಲಿ ತುಂಬಿಕೊಂಡಿರುತ್ತದೆ, ಬಿಚ್ಚಿ ನೋಡಿದರೆ ಹೆಸರು ಎಷ್ಟು ಸರಿಯೆಂದು ತಿಳಿಯುತ್ತಿತ್ತು. ಅದನ್ನು ಬಿಸಿನೀರಿನಲ್ಲಿ ಅದ್ದಿ, ತೊಟ್ಟಿಯ ಡೀಸೆಲಿಗೆ ಸೀಮೆಎಣ್ಣೆ ಬೆರೆಸಿದಳು. ಬ್ಯಾಟರಿಗಳಿಗೆ, "ಸೋಂಬೇರಿ ನನ್ಮಕ್ಳಾ!" ನಲ್ಲಿಗೆ ಬಂದಾಗ ಅವಳೇ ಮೊದಲು ಹೇಳಿದಳು, ಮುಸುಕಿನೊಳಗೆ ನಗುತ್ತಾ. ಅವನ ಸೊಟ್ಟ ಬಾಯಿಯೂ ನಕ್ಕಿತು.

ಬೇಲಿಯ ಆಚೆ ನಾಲ್ಕಾರು ಜನ ಸೇರಿದ್ದರು. ತೆರೆಂತಿ ಬೇಲಿಗೆ ಒರಗಿಕೊಂಡು ನಿಂತಿದ್ದ.

"ಓಹೋ, ನಲ್ಲಿಗೆ ಅಂದಿದ್ದಾ? ಮೊದಲೇ ಹೇಳ್ಬಾರ್ದಾ ಮಾರಾಯ. ನಾನು ಹೋದ ವಾರದಿಂದ ಸರಿಯಾಗಿ ಊಟಾನೇ ಮಾಡಿಲ್ಲ," ಎಂದ.

ಅಕ್ಕ ಮೇಲೆ ಹತ್ತಿ ಸೆಲ್ಫ್ ಹೊಡೆದಳು. ಲಾರಿ ಮುಲುಗಿತು, ನಿಂತಿತು. ಪ್ರೊಕೋಪಿ ಭಾವ ಬೈಯಲಿಲ್ಲ. ಎಡಗೈ ಎತ್ತಿ ತಡೆದ. ಅವಳು ಕಾದಳು. ಅವನು ಕಿವಿಯೊಡ್ಡಿ ಏನೋ ಕೇಳಿಸಿಕೊಳ್ಳುತ್ತಿದ್ದ, ನಮಗೇನೂ ಕೇಳಿಸುತ್ತಿರಲಿಲ್ಲ. ಕೈ ಇಳಿಸಿದ. "ಬೊಗಳೋ ನಾಯೀ!" ಎಂದು ಎದೆಯಾಳದಿಂದ ಕೂಗಿದ. ಅವಳು ಮತ್ತೆ ಸೆಲ್ಫ್ ಹೊಡೆದಳು. ಒಂದು ಸಿಲಿಂಡರ್ ಕೆಮ್ಮಿತು, ಇನ್ನೊಂದು ಕೆಮ್ಮಿತು, ಬಿಳಿ ಹೊಗೆ ಅಂಗಳವನ್ನೆಲ್ಲ ಮುಚ್ಚಿತು. ಆ ಹೊಗೆಯೊಳಗೆ ಎಂಜಿನ್ ಕುಂಟುತ್ತಾ ಕುಂಟುತ್ತಾ ತನ್ನ ಹೆಜ್ಜೆ ಕಂಡುಕೊಂಡಿತು.

ಆ ಚಳಿಗಾಲ ಊರಿಗೆ ಗಡ್ಡೆ ಹೊತ್ತವಳು ಅಗ್ರಫೇನ. ಮೊದಲ ಗಾಡಿ ಮುದುಕರಿರುವ ಮನೆಗಳಿಗೆ, ಆಮೇಲೆ ಶಾಲೆಗೆ, ಆಮೇಲೆ ಉಳಿದವರಿಗೆ. ಬಿಸಿಲಿದ್ದ ದಿನ ಗಂಡನನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಬೀಳದ ಹಾಗೆ ದುಪ್ಪಟಿಯಿಂದ ಕಟ್ಟಿಕೊಂಡು ಹೋಗುತ್ತಿದ್ದಳು. ಗೇರ್ ಕಿರ್ರೆಂದರೆ ಅವನು ಬೈಯುತ್ತಿದ್ದ. ಆ ಬೈಗುಳ ಎಂಜಿನ್ನಿಗಲ್ಲ, ಹೊಸದು, ಅವಳಿಗೇ ಎಂದು ಅವಳು ಹೇಳುತ್ತಿದ್ದಳು. ದೂರುವ ದನಿಯಲ್ಲೇ, ಆದರೆ ಅದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಮೂರನೆಯ ಚಳಿಗಾಲದಲ್ಲಿ ಪಕ್ಕದ ಹಳ್ಳಿಗೆ ಲಸಿಕೆಯ ಪೆಟ್ಟಿಗೆ ತಲುಪಿಸಬೇಕಾಗಿತ್ತು. ಅವಳ ಲಾರಿಯಲ್ಲಿ ನಾನು ಹೊರಟೆ. ಭಾವನಿಗೆ ಜ್ವರ, ಮನೆಯಲ್ಲೇ ಇದ್ದ. ದಾರಿ ಕೆರೆಯ ಮೇಲೇ ಹಾಯುತ್ತದೆ. ನಡುಗೆರೆಯಲ್ಲಿ, ನೆತ್ತಿಯ ಮೇಲೇರದ ಸೂರ್ಯ ಅಂಚಿನಲ್ಲಿ ಮಂಕಾಗಿ ನಿಂತಿದ್ದಾಗ, ಎಂಜಿನ್ ಎರಡು ಬಾರಿ ಬಿಕ್ಕಿ ಆರಿಹೋಯಿತು. ಅಷ್ಟು ದೊಡ್ಡ ನಿಶ್ಶಬ್ದವನ್ನು ನಾನು ಕೇಳಿರಲಿಲ್ಲ. ಉಸಿರು ಹೊರಬಂದ ಕೂಡಲೇ ಹರಳಾಗಿ ಉದುರುವ ಸಣ್ಣ ಸದ್ದು ಮಾತ್ರ.

"ಏನಾಯ್ತಕ್ಕಾ?"

ಅವಳು ಕೆಳಗಿಳಿದು ಬಾನೆಟ್ ಎತ್ತಿ ನಿಂತಳು. ಅವಳ ಕೈ ಮೊದಲು ಸುಮ್ಮನೆ ಗಾಳಿಯಲ್ಲಿ ಆಡಿತು, ಯಾರಿಗೋ ಒಂದೊಂದನ್ನೇ ತೋರಿಸಿ ಕೇಳುವ ಹಾಗೆ. ಅಲ್ಲಿ ಹೇಳುವವರಿರಲಿಲ್ಲ. ನನಗೆ ಭಯವಾಯಿತು. ಹಿಂದಕ್ಕೆ ನಡೆದರೆ ಕತ್ತಲಾಗುತ್ತದೆ. ನಿಂತರೆ ಇನ್ನರ್ಧ ಗಂಟೆಯಲ್ಲಿ ಎಂಜಿನ್ ಕಲ್ಲಾಗುತ್ತದೆ.

"ಗೊಣ್ಣೆಮೂಗಾ," ಎಂದಳು ಮೆಲ್ಲಗೆ. ಆಮೇಲೆ ಜೋರಾಗಿ, ಅವನದೇ ರಾಗದಲ್ಲಿ, "ಗೊಣ್ಣೆಮೂಗ ನನ್ಮಗನೇ! ನಡುಗೆರೇಲೇ ಆಗ್ಬೇಕಿತ್ತಾ ನಿಂಗೆ? ಕ್ಯುನ್ನೆ, ಫ್ಲಾಸ್ಕು ಕೊಡು!"

"ಅದರಲ್ಲಿ ಚಹಾ ಇದೆ."

"ಕೊಡೇ ಅಂದ್ರೆ!"

ಕೊನೆಯ ಬಾರಿ ತುಂಬಿಸಿದ ಡೀಸೆಲಿನಲ್ಲಿ ಚಳಿ ತಡೆಯದ ಬೇಸಿಗೆಯ ಡೀಸೆಲ್ ಬೆರೆತಿತ್ತು, ಫಿಲ್ಟರಿನಲ್ಲಿ ಮೇಣ ಕಟ್ಟಿತ್ತು. ಅವಳು ಫಿಲ್ಟರಿಗೆ ಬಟ್ಟೆ ಸುತ್ತಿ, ನಮ್ಮಿಬ್ಬರ ಹಾಲು ಚಹಾ ಅಷ್ಟನ್ನೂ ಅದರ ಮೇಲೆ ಸುರಿದಳು. ಕೈಪಂಪು ಒತ್ತಿ ಒತ್ತಿ, ನಟ್ಟು ಸಡಿಲಿಸಿ ಡೀಸೆಲ್ ಪೈಪಿನಲ್ಲಿ ಸೇರಿದ್ದ ಏರ್ ತೆಗೆದಳು. ಬೆರಳಿನ ತೆಳು ಗವಸು ಕಬ್ಬಿಣಕ್ಕೆ ಅಂಟಿ, ಕಿತ್ತಾಗ ಚರ್ಮವೂ ಒಂದಿಷ್ಟು ಹೋಯಿತು. ಬಾಯಿ ನಿಂತಿರಲಿಲ್ಲ. ಆ ಬೈಗುಳಗಳಲ್ಲಿ ಕೆಲವು ನಾನು ಪ್ರೊಕೋಪಿ ಭಾವನಿಂದಲೂ ಕೇಳಿರಲಿಲ್ಲ. ಎಂಜಿನ್ನಿನ ಬಿಸಿ ಪೂರ್ತಿ ಆರಿರಲಿಲ್ಲವಾದ್ದರಿಂದ ಮೂರನೆಯ ಸೆಲ್ಫಿಗೆ ಹತ್ತಿಕೊಂಡಿತು.

ಆಚೆ ದಡ ಹತ್ತಿದ ಮೇಲೆ ಅವಳೇ ಹೇಳಿದಳು:

"ಇಷ್ಟು ವರ್ಷ ಪರದೆ ಎಳ್ಕೊಂಡು ಒಳಗೆ ಕೂತಿದ್ದೆ ಕ್ಯುನ್ನೆ. ಸುಮ್ನೆ ಬೈತಾನೆ ಅಂದ್ಕೊಂಡಿದ್ದೆ. ಅವನು ಅದರ ಜೊತೆ ಮಾತಾಡ್ತಿದ್ದ. ಇದಾಯ್ತು, ಇನ್ನು ಅದು, ತಡಿ, ಈಗ... ಹಂಗೆ. ಒಂದು ದಿನ ಹೊರಗೆ ಬಂದು ನಿಂತಿದ್ರೆ ನಂಗೂ ಗೊತ್ತಾಗ್ತಿತ್ತು."

"ಲಾರಿ ಮೇಲೆ ಹೊಟ್ಟೆಕಿಚ್ಚಿತ್ತಾ ಅಕ್ಕಾ?"

"ಇರ್ದೇ ಇರತ್ತಾ? ಅದು ಒಂದು ಸಲ ಕೆಮ್ಮಿದ್ರೆ ಎದ್ದು ಓಡ್ತಿದ್ದ. ನಾನು ರಾತ್ರಿಯೆಲ್ಲಾ ಕೆಮ್ಮಿದ್ರೆ, 'ಜೇನು ಹಾಕ್ಕೊಂಡು ಬಿಸಿ ಹಾಲು ಕುಡಿ' ಅಂತ ಆ ಕಡೆ ತಿರುಗಿ ಮಲಗ್ತಿದ್ದ." ಗೇರ್ ಬದಲಿಸಿ, "ಜೇನು ಮಾತ್ರ ಯಾವಾಗ್ಲೂ ತಂದಿಟ್ಟಿರ್ತಿದ್ದ. ಎಲ್ಲಿಂದ ತರ್ತಿದ್ನೋ. ಈ ಚಳಿ ನಾಡಲ್ಲಿ ಜೇನು ಯಾರ ಹತ್ರ ಇರತ್ತೆ ಹೇಳು," ಎಂದಳು.

ಪ್ರೊಕೋಪಿ ಭಾವ ಮರುವರ್ಷ ಫೆಬ್ರವರಿಯಲ್ಲಿ, ಎರಡನೆಯ ಹೊಡೆತಕ್ಕೆ, ಮಧ್ಯಾಹ್ನದ ಊಟದ ನಂತರ ಹೋಗಿಬಿಟ್ಟ. ಕೊನೆಯ ತಿಂಗಳುಗಳಲ್ಲಿ ಒಂದೆರಡು ಹೊಸ ಮಾತು ಬಂದಿದ್ದವು: ಚಹಾ, ಸಾಕು, ಬಾ.

ಗಟ್ಟಿ ನೆಲಕ್ಕೆ ಬೆಂಕಿ ಹಾಕಿ, ಕರಗಿದಷ್ಟು ಅಗೆದು, ಮತ್ತೆ ಬೆಂಕಿ ಹಾಕಿ ಊರವರು ಗುಂಡಿ ತೋಡಿದರು. ಪೆಟ್ಟಿಗೆಯನ್ನು ಲಾರಿಯ ಮೇಲಿಟ್ಟು ಅಗ್ರಫೇನಕ್ಕ ತಾನೇ ಓಡಿಸಿಕೊಂಡು ಬಂದಳು. ಸ್ಮಶಾನದ ಗುಡ್ಡದ ಮೇಲೆ ಎಲ್ಲರೂ ಟೋಪಿ ತೆಗೆದು ನಿಂತಾಗ ಎಂಜಿನ್ನಿನ ಸದ್ದು ಗುಡುಗುಡು ಎನ್ನುತ್ತಲೇ ಇತ್ತು. ಊರಿನ ಹಿರಿಯ ಯೆಫ್ರೆಮ್ ಅಜ್ಜ ಮೆಲ್ಲಗೆ ಅವಳ ಹತ್ತಿರ ಬಂದ.

"ಮಗಳೇ, ಸತ್ತವರ ಮುಂದೆ ಒಂದು ಗಳಿಗೆ ಮೌನ ಬೇಡವಾ? ಅದನ್ನ ಆರಿಸು."

"ಐವತ್ತರ ಚಳೀಲಿ ಎಂಜಿನ್ ಆರಿಸಿದ್ರೆ, ಅಜ್ಜಾ, ಅವನು ಪೆಟ್ಟಿಗೆಯಿಂದ ಎದ್ದು ಬಂದು ನಿಮಗೂ ಬೈತಾನೆ, ನನಗೂ ಬೈತಾನೆ."

ಮೊದಲು ನಕ್ಕವನು ತೆರೆಂತಿ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ನಕ್ಕರು, ಯೆಫ್ರೆಮ್ ಅಜ್ಜನೂ. ಆ ನಗುವಿನಲ್ಲೇ ಹಗ್ಗ ಇಳಿಸಿದರು. ನಮ್ಮೂರಿನಲ್ಲಿ ಹಾಗೆ ಮಣ್ಣಾದವರು ಬೇರೆ ಯಾರೂ ಇಲ್ಲ.

ಮುಂದೆ ಅವಳು ಲಾರಿಯನ್ನು ಬಿಡುತ್ತಾಳೆಂದು ನಾವೆಲ್ಲ ಅಂದುಕೊಂಡಿದ್ದೆವು. ಬಿಡಲಿಲ್ಲ. ಈಗ ಊರಿಗೆ ನೀರಿನ ಟ್ಯಾಂಕು ಬಂದಿದೆ, ಬಿಸಿ ಪೈಪಿನಲ್ಲಿ ಶಾಲೆಗೂ ಕಚೇರಿಗೂ ನೀರು ಬರುತ್ತದೆ. ಆದರೆ ಆ ನೀರಿನಲ್ಲಿ ಮಾಡಿದ ಚಹಾ ಯಾರಿಗೂ ಸೇರುವುದಿಲ್ಲ. ಹಾಗಾಗಿ ನವೆಂಬರ್ ಬಂದರೆ ಕೆರೆಯ ದಡದಲ್ಲಿ ಗಡ್ಡೆಗಳು ನೀಲಿಯಾಗಿ ಸಾಲುಗಟ್ಟುತ್ತವೆ, ಅವಳು ಸಾಗಿಸುತ್ತಾಳೆ. ಮೊಣಕಾಲು ನೋವು ಜಾಸ್ತಿಯಾಗಿದೆ, ಏಣಿ ಇಟ್ಟುಕೊಂಡು ಸೀಟಿಗೆ ಹತ್ತುತ್ತಾಳೆ.

ಮೊನ್ನೆ ನನ್ನ ಮನೆಗೆ ಗಡ್ಡೆ ಇಳಿಸಿದಳು. ಗೋಡೆಗೆ ಒರಗಿಸಿ ನಿಲ್ಲಿಸುತ್ತಾ ಒಂದನ್ನು ಬೇರೆ ಮಾಡಿದಳು. ಅದರೊಳಗೆ ಬೇಸಿಗೆಯ ಒಂದು ಜೊಂಡಿನ ಎಲೆ ಹಸಿರಾಗಿಯೇ ಸಿಕ್ಕಿಕೊಂಡಿತ್ತು.

"ಇದನ್ನ ಕೊನೇಲಿ ಕರಗಿಸು. ನೋಡೋಕೆ ಚೆನ್ನಾಗಿದೆ."

"ಒಳಗೆ ಬಾ ಅಕ್ಕಾ, ಒತ್ತಡ ನೋಡ್ತೀನಿ."

"ನಾಳೆ ನೋಡೇ. ಇನ್ನೂ ಎರಡು ಮನೆ ಬಾಕಿ ಇದೆ, ಹೊತ್ತು ಮುಳುಗತ್ತೆ."

ಏಣಿ ಹತ್ತಿ, ಅದನ್ನು ಮೇಲೆಳೆದುಕೊಂಡು, ಬಾಗಿಲು ಎರಡು ಬಾರಿ ಬಡಿದು ಮುಚ್ಚಿಕೊಂಡು, ಅವಳು ಹೊರಟಳು.